ಒಂದೇ ಕಡೆಗೆ ಮುಖ ಮಾಡಿದ ಕುರ್ಚಿಗಳು

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ‘ಊಟ ಆಯ್ತಾ’ ಎಂದು ಕೇಳುವುದಿಲ್ಲ. ಕೇಳಿದರೆ ನಗುತ್ತಾರೆ. ಕಣ್ಣು ನೋಡಿದರೆ ಗೊತ್ತಾಗುವುದನ್ನು ಬಾಯಿಬಿಟ್ಟು ಯಾಕೆ ಕೇಳಬೇಕು? ಇಲ್ಲಿ ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣಿಗೆ ಸಿಕ್ಕರೆ ಸಾಕು, ಹಸಿವು, ಸಿಟ್ಟು, ಹೊಟ್ಟೆಕಿಚ್ಚು, ಆಸೆ ಎಲ್ಲವೂ ಹಾದುಬಿಡುತ್ತವೆ. ಅದಕ್ಕೇ ತರಕಾರಿಯವರು ತಕ್ಕಡಿಯನ್ನೇ ನೋಡುತ್ತ ವ್ಯಾಪಾರ ಮಾಡುತ್ತಾರೆ. ಮೇಷ್ಟ್ರು ಮಕ್ಕಳ ತಲೆಯ ಮೇಲಿನ ಗೋಡೆಗೆ ಪಾಠ ಹೇಳುತ್ತಾರೆ. ಜಗಳವಾಡಿದ ಗಂಡಹೆಂಡಿರು ರಾಜಿಯಾಗುವ ತನಕ ಬೆನ್ನಿಗೆ ಬೆನ್ನು ಹಾಕಿ ಉಣ್ಣುತ್ತಾರೆ. ಹೆಣ್ಣು ನೋಡುವ ಶಾಸ್ತ್ರವಂತೂ ಉಪ್ಪಿಟ್ಟು ತಣ್ಣಗಾಗುವ ಮೊದಲೇ ಮುಗಿದುಹೋಗುತ್ತದೆ.

ಇಂಥ ಊರಿನಲ್ಲಿ ನಾನು ಕಣ್ಣು ನೋಡಲಾಗದ ಮಗುವಾಗಿ ಹುಟ್ಟಿದೆ. ಯಾರಾದರೂ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದರೆ ಕುಲುಮೆಯ ಬಾಗಿಲು ತೆರೆದು ಮುಖಕ್ಕೆ ಹಿಡಿದಂತಾಗುತ್ತಿತ್ತು. ಕಿರುಚಿಕೊಳ್ಳುತ್ತಿದ್ದೆ. ವನಮಾಲ ಎಂದು ಹೆಸರಿಟ್ಟವರೇ ಅದನ್ನು ಮರೆತು ನೆಲಗಣ್ಣಿ ಎಂದು ಕರೆಯತೊಡಗಿದರು. ಏನೋ ಮುಚ್ಚಿಡುತ್ತಾಳೆ, ಅದಕ್ಕೇ ನೋಡುವುದಿಲ್ಲ ಎನ್ನುತ್ತಿದ್ದರು. ಐದು ವರ್ಷದ ಮಗು ಏನು ಮುಚ್ಚಿಟ್ಟೀತು ಎಂದು ಯಾರೂ ಯೋಚಿಸಲಿಲ್ಲ. ಶಾಲೆಯಲ್ಲಿ ಊಟ ಬಡಿಸುವಾಕೆ ಮಕ್ಕಳ ಕಣ್ಣು ನೋಡಿ ಹಸಿವಿಗೆ ತಕ್ಕಷ್ಟು ಬಡಿಸುತ್ತಿದ್ದಳು. ನನ್ನ ಹಸಿವು ಅವಳಿಗೆ ಕಾಣುತ್ತಿರಲಿಲ್ಲ, ಕೇಳುವುದು ಅವಳಿಗೆ ಗೊತ್ತಿರಲಿಲ್ಲ, ಹೇಳುವುದು ನನಗೆ ಗೊತ್ತಿರಲಿಲ್ಲ. ಎಷ್ಟೋ ದಿನ ಖಾಲಿ ತಟ್ಟೆ ತೊಳೆದಿಟ್ಟು ಮನೆಗೆ ಬಂದಿದ್ದೇನೆ.

ನನ್ನನ್ನು ಕಾಪಾಡಿದವಳು ಸೋದರತ್ತೆ ಸಾವಂತ್ರಕ್ಕ. ಅವಳು ಬಳೆ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದಳು. ಇಡೀ ಊರಿನಲ್ಲಿ ಯಾರಿಗೂ ಯಾರ ಕಣ್ಣೂ ಬೇಕಿಲ್ಲದ ಜಾಗ ಅದೊಂದೇ. ಕಾದ ಗಾಜಿನಿಂದ ಕಣ್ಣು ತೆಗೆದರೆ ಕೈ ಸುಟ್ಟುಹೋಗುತ್ತದೆ, ಎಲ್ಲರ ನೋಟವೂ ಬೆಂಕಿಯ ಮೇಲೆಯೇ. ಅತ್ತೆ ನನ್ನನ್ನು ಗೋಣಿತಾಟಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಕಲಸಿಹೋದ ಬಳೆಗಳ ಮೊರವನ್ನು ನನ್ನ ಮುಂದೆ ತಳ್ಳಿ, ಅಳತೆ ಪ್ರಕಾರ ಬೇರೆ ಮಾಡು ಎಂದಳು. ಎಷ್ಟೋ ಹೊತ್ತಾದ ಮೇಲೆ, ಬೆಂಕಿಯನ್ನೇ ನೋಡುತ್ತ, “ಉಂಡ್ಯಾ?” ಎಂದಳು. ನಾನು ಬಳೆಗಳನ್ನೇ ನೋಡುತ್ತ “ಇಲ್ಲ” ಎಂದೆ. ಅದು ನನ್ನ ಜೀವನದ ಮೊದಲ ಸಂಭಾಷಣೆ. ಅವಳು ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಳು.

ಮುಂದೆ ಓದಲು ಹೊರಗಿನ ಪಟ್ಟಣಕ್ಕೆ ಹೋದಾಗ ಅಲ್ಲಿಯ ಡಾಕ್ಟರು ನನಗಿರುವುದಕ್ಕೆ ಆಟಿಸಂ ಎಂದು ಹೆಸರು ಹೇಳಿದರು. ನೆಲಗಣ್ಣಿಗಿಂತ ವಾಸಿ ಅನ್ನಿಸಿ ಖುಷಿಪಟ್ಟೆ. ಆಪ್ತಸಮಾಲೋಚಕಿಯಾಗುವ ತರಬೇತಿಗೆ ಸೇರಿದೆ. ಅಲ್ಲಿಯೂ ಮೊದಲ ಪಾಠ ಏನು ಗೊತ್ತೇ? ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿಸಿಕೊಳ್ಳಬೇಕಂತೆ. ಆ ಊರಿನಲ್ಲಿ ಕಣ್ಣಿನಿಂದ ಏನೆಂದರೆ ಏನೂ ಹಾಯುವುದಿಲ್ಲ, ಆದರೂ ನೋಡು ನೋಡು ಎಂದು ಜೀವ ತಿನ್ನುತ್ತಿದ್ದರು. ಅದೊಂದು ವಿಷಯ ಬಿಟ್ಟರೆ ಉಳಿದೆಲ್ಲದರಲ್ಲೂ ಪಾಸಾಗಿ ವಾಪಸ್ಸು ಬಂದೆ.

ಅತ್ತೆಯ ಮನೆಯ ಹಿಂಭಾಗದಲ್ಲಿ ನನ್ನ ಕೋಣೆ. ಎರಡು ಕುರ್ಚಿಗಳಿವೆ, ಎರಡೂ ಖಾಲಿ ಗೋಡೆಯ ಕಡೆಗೆ ಮುಖ ಮಾಡಿವೆ. ನಡುವೆ ಸ್ಟೂಲಿನ ಮೇಲೆ ಕಲಸಿದ ಬಳೆಗಳ ಮೊರ. ಗಡಿಯಾರವಿಲ್ಲ, ಅದರ ಟಿಕ್ ಟಿಕ್ ನನ್ನ ತಲೆ ಕೊರೆಯುತ್ತದೆ. ಬಂದವರು ಬಳೆ ಆರಿಸುತ್ತಾರೆ, ನಾನೂ ಆರಿಸುತ್ತೇನೆ. ಬಾಯಿಬಿಟ್ಟು ಕೇಳುತ್ತೇನೆ, ಹೇಳಿದ್ದನ್ನು ನಂಬುತ್ತೇನೆ, ಕೇಳಿದ್ದನ್ನು ಹೊಸಿಲು ದಾಟಿಸುವುದಿಲ್ಲ. ಇಷ್ಟೇ ನನ್ನ ವಿದ್ಯೆ. ಮೊದಮೊದಲು ಊರು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಮನಸ್ಸಿನಲ್ಲಿದ್ದದ್ದೆಲ್ಲ ದಿನವಿಡೀ ಎಲ್ಲರಿಗೂ ಕಂಡು ಕಂಡು ಬೇಸತ್ತವರಿಗೆ, ಕಾಣದ ಹಾಗೆ ಕೂರಲು ಒಂದು ಜಾಗ ಬೇಕಿತ್ತು.

ಮಹಾಲಿಂಗ ಬಂದದ್ದು ಒಂದು ಮಧ್ಯಾಹ್ನ, ತಲೆಯ ಮೇಲೆ ಟವೆಲ್ ಹೊದ್ದುಕೊಂಡು. ಮೂವತ್ತರ ಆಸುಪಾಸಿನ ಕುಲುಮೆ ಕೆಲಸಗಾರ. ಬಾಗಿಲು ಹಾಕಿಕೊಂಡ ಮೇಲೂ ಅವನ ಉಸಿರು ಏರುತ್ತಲೇ ಇತ್ತು.

“ಏನಾಯ್ತು?” ಎಂದೆ.

“ನಿಮಗೆ ಗೊತ್ತಿಲ್ವಾ? ಊರಿಗೆಲ್ಲ ಗೊತ್ತು.”

“ನಾನು ಯಾರ ಕಣ್ಣೂ ನೋಡೋಳಲ್ಲ. ನೀವು ಹೇಳಿದ್ರೆ ಗೊತ್ತಾಗುತ್ತೆ.”

ಮೊರವನ್ನು ಅವನ ಕಡೆ ಸರಿಸಿ ಮಕ್ಕಳ ಅಳತೆಯವನ್ನು ಬೇರೆ ಮಾಡಲು ಹೇಳಿದೆ. ಒಂದೊಂದೇ ಬಳೆ ಎತ್ತುತ್ತ ಹೇಳಿದ. ಅವನ ತಂದೆ ಚನ್ನವೀರಯ್ಯನಿಗೆ ಕುಲುಮೆಯ ಹೊಗೆ ಎದೆಗೆ ಕೂತು ವರ್ಷಗಳೇ ಆಗಿದ್ದವು. ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಉಗುಳುಬಟ್ಟಲು ತೊಳೆಯುವುದು, ರಾತ್ರಿಯೆಲ್ಲ ಬೆನ್ನು ತಟ್ಟುವುದು ಎಲ್ಲವನ್ನೂ ಮಗ ಮತ್ತು ತಾಯಿ ನಿಂಗಾಜಮ್ಮ ಸರದಿಯಲ್ಲಿ ಮಾಡುತ್ತಿದ್ದರು. ಮದುವೆಯ ಮಾತೇ ಬಿದ್ದುಹೋಗಿತ್ತು. ಹೋದ ವಾರ ಒಂದು ಬೆಳಿಗ್ಗೆ ತಂದೆ ತೀರಿಕೊಂಡರು. ಮಂಚದ ಆಚೆಗೆ ತಾಯಿ, ಈಚೆಗೆ ಮಗ. ಇಬ್ಬರ ಕಣ್ಣೂ ಕೂಡಿದವು. ತಾಯಿ ಚೀರಿ ಬಿದ್ದುಬಿಟ್ಟಳು. ಅಕ್ಕಪಕ್ಕದವರು ಓಡಿಬಂದು ಮುಖಕ್ಕೆ ನೀರು ತಟ್ಟಿದಾಗ, ಎಚ್ಚರವಿಲ್ಲದ ಬಾಯಲ್ಲಿ, “ಸಂತೋಷ… ನನ್ ಮಗನ ಕಣ್ಣಲ್ಲಿ ಸಂತೋಷ” ಎಂದು ಕನವರಿಸಿದಳಂತೆ.

ಅಷ್ಟೇ ಸಾಕಾಯಿತು. ಶ್ವಾಸಕೋಶ ಸೋತು ಜೀವ ಹೋಗಿದೆ ಎಂದು ಡಾಕ್ಟರು ಹೇಳಿದರು. ಆದರೆ ತಂದೆ ಸತ್ತ ಗಳಿಗೆಯಲ್ಲಿ ಸಂತೋಷಪಡುವ ಮಗ ಏನು ಮಾಡಿರಬಹುದು ಎಂದು ಊರು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿತ್ತು. ಅವನು ನನ್ನಲ್ಲಿಗೆ ಬಂದ ಮಾರನೆಯ ಸಂಜೆಗೆ ಕುಲುಮೆಯ ಅಂಗಳದಲ್ಲಿ, ಆರೋಪ ಹೊತ್ತವನ ಕಣ್ಣನ್ನು ಊರೇ ಸರದಿಯಲ್ಲಿ ನೋಡುವ ನೋಟದ ಸಭೆ ಗೊತ್ತುಮಾಡಿದ್ದರು.

“ನೀವು ಮಾಡಿದ್ರಾ?” ಎಂದೆ. ಸುತ್ತಿಬಳಸಿ ಕೇಳಲು ನನಗೆ ಬರುವುದಿಲ್ಲ.

“ಇಲ್ಲ.”

“ಸರಿ.”

ಅವನ ಕೈ ನಿಂತಿತು. “ಸರಿ ಅಂದ್ರೆ? ನಂಬಿದ್ರಾ?”

“ಇಲ್ಲ ಅಂದ್ರಲ್ಲ.”

ಅವನು ಅಳತೊಡಗಿದ. ನಾನು ಗೋಡೆ ನೋಡುತ್ತ ಕಾದೆ. ಹೆಗಲು ತಟ್ಟುವುದು ನನಗೂ ಆಗುವುದಿಲ್ಲ, ಅವನಿಗೂ ಬೇಕಿರಲಿಲ್ಲ ಅನ್ನಿಸುತ್ತದೆ.

“ಇದನ್ನೇ ಸಭೆಯಲ್ಲಿ ಹೇಳಿ” ಎಂದೆ.

“ಹೇಳಕ್ಕಾಗಲ್ಲ. ನಾನಲ್ಲ ಅಂದ್ರೆ ಮತ್ಯಾರು ಅಂತಾರೆ.” ಸ್ವರ ತಗ್ಗಿಸಿದ. “ನಾನು ಹಿತ್ತಿಲಿಂದ ಒಳಗೆ ಕಾಲಿಟ್ಟಾಗ ಅವ್ವ ಮಂಚದ ಆ ಕಡೆ ನಿಂತಿದ್ಲು. ದಿಂಬು ನೆಲದ ಮೇಲೆ ಬಿದ್ದಿತ್ತು. ಅವಳ ಕಣ್ಣಲ್ಲಿ ನಾನೂ ಕಂಡೆ. ಸಂತೋಷ. ಎಷ್ಟು ವರ್ಷ ನಿದ್ದೆಗೆಟ್ಟಿದ್ಲು ಗೊತ್ತಾ? ಸಾಕಾಗಿ ಮಾಡಿರ್ತಾಳೆ. ನನ್ನ ಮೇಲೇ ಬರಲಿ ಬಿಡಿ. ನೀವು ಮಾತ್ರ ಯಾರಿಗೂ ಹೇಳ್ಕೂಡದು.”

“ಅವರನ್ನೇ ಕೇಳಿ ನೋಡಿದ್ರಾ?”

“ಕೇಳೋದಾ?” ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಕಂಡಿದ್ದನ್ನ ಏನಂತ ಕೇಳೋದು?”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವನು ಟವೆಲ್ ಹೊದ್ದುಕೊಂಡು ಹೋದ.

ಸಭೆಯಲ್ಲಿ ತಪ್ಪು ಕಂಡರೆ ಊರು ಕಣ್ಣು ಹಿಂತೆಗೆದುಕೊಳ್ಳುತ್ತದೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಇನ್ನು ಮುಂದೆ ಯಾರೂ ಅವನ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಅಷ್ಟೇ. ನಾನು ಚಿಕ್ಕವಳಿದ್ದಾಗ ಇದೆಂಥ ಶಿಕ್ಷೆ, ಹಬ್ಬವಲ್ಲವೇ ಎಂದುಕೊಂಡಿದ್ದೆ. ಆಮೇಲೆ ಗುರುಬಸಪ್ಪನನ್ನು ಕಂಡೆ. ಬಳೆ ಗೋದಾಮಿಗೆ ಬೆಂಕಿ ಬಿದ್ದಾಗ ಅವನ ಕಣ್ಣಲ್ಲಿ ತಪ್ಪಿತಸ್ಥನ ಅಳುಕು ಕಂಡವನು ಅವನ ಸ್ವಂತ ಅಣ್ಣ, ಊರಿನ ಹಿರಿಯ ಶಿವನಂಜಪ್ಪ. ಊರು ಕಣ್ಣು ಹಿಂತೆಗೆದ ಮೇಲೆ ಗುರುಬಸಪ್ಪ ಸಂತೆಯಲ್ಲಿ ಸಿಕ್ಕಸಿಕ್ಕವರ ತೋಳು ಹಿಡಿದು, ಒಂದ್ಸಲ ನೋಡ್ರಪ್ಪ, ಒಂದೇ ಒಂದ್ಸಲ ಎಂದು ಬೇಡುತ್ತಿದ್ದ. ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ಅವನು ಊರಲ್ಲಿರಲಿಲ್ಲ. ಎಲ್ಲಿಗೆ ಹೋದ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಹಿತ್ತಿಲ ಬಾಗಿಲು ಬಡಿದವಳು ನಿಂಗಾಜಮ್ಮ. ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ನಿನ್ನೆ ಮಗ ಕೂತಿದ್ದ ಕುರ್ಚಿಯಲ್ಲೇ ಕೂತಳು. ಅವನು ಆರಿಸಿಟ್ಟ ಮಕ್ಕಳ ಬಳೆಗಳು ಮೊರದ ಮೂಲೆಯಲ್ಲಿ ಇನ್ನೂ ಹಾಗೇ ಇದ್ದವು.

“ಏನಾಯ್ತು?” ಎಂದೆ.

“ನನ್ನ ಬಾಯಿಗೆ ಹುಳ ಬೀಳ್ಲಿ ಕಣವ್ವ. ಎಚ್ಚರ ತಪ್ಪಿದಾಗ ಏನೋ ಅಂದ್ಬಿಟ್ಟೆ. ಅವನು ಮಾಡಿದ್ರೂ ಮಾಡಿರ್ಲಿ, ನನ್ನ ಮಗ. ಸಂಜೆ ಮೊದಲನೇ ನೋಟ ಹೆತ್ತವಳದ್ದೇ ಅಂತೆ. ನಾನು ನೋಡಿದ್ರೆ ಕಾಣುತ್ತೆ, ಕಂಡಿದ್ದು ನನ್ನ ಮುಖದಲ್ಲಿ ಎಲ್ರಿಗೂ ಕಾಣುತ್ತೆ. ನೋಡದಿರೋದು ಹೆಂಗೆ ಅಂತ ನಿಂಗೆ ಗೊತ್ತಲ್ಲ? ನಂಗೂ ಕಲಿಸಿಕೊಡು.”

ನಲವತ್ತು ವರ್ಷದ ಬದುಕಿನಲ್ಲಿ ನನ್ನಲ್ಲಿರುವುದನ್ನು ಕಲಿಸಿಕೊಡು ಎಂದು ಕೇಳಿದವಳು ಇವಳೊಬ್ಬಳೇ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

“ಅವತ್ತು ಬೆಳಿಗ್ಗೆ ಎಲ್ಲಿದ್ರಿ?” ಎಂದೆ.

“ಅಡುಗೆಮನೇಲಿ ಗಂಜಿ ಕಾಯಿಸ್ತಿದ್ದೆ. ಕೆಮ್ಮು ನಿಂತಂಗಾಯ್ತು. ಒಳಗೆ ಬಂದೆ. ಅವನು ಮಂಚದ ಆ ಕಡೆ ನಿಂತಿದ್ದ. ದಿಂಬು ಕೆಳಗೆ ಬಿದ್ದಿತ್ತು.”

ನನ್ನ ಕೈಯಲ್ಲಿದ್ದ ಬಳೆ ಮೊರಕ್ಕೆ ಬಿತ್ತು. ಅಂದರೆ ಆ ಕೋಣೆಗೆ ಎರಡು ಬಾಗಿಲು. ಒಂದು ಅಡುಗೆಮನೆಯಿಂದ, ಒಂದು ಹಿತ್ತಿಲಿನಿಂದ. ಇಬ್ಬರೂ ಆಗ ತಾನೇ ಒಳಗೆ ಬಂದಿದ್ದಾರೆ. ಇಬ್ಬರೂ ಇನ್ನೊಬ್ಬರು ಮೊದಲಿನಿಂದ ಅಲ್ಲೇ ಇದ್ದರು ಎಂದುಕೊಂಡಿದ್ದಾರೆ.

ಹೇಳಿಬಿಡಬಹುದಿತ್ತು. ಒಂದೇ ಮಾತು. ಆದರೆ ಅದು ಮಗನ ಮಾತು, ನನ್ನದಲ್ಲ. ಅದನ್ನು ದಾಟಿಸಿದರೆ ನನ್ನ ಕೋಣೆಗೂ ಸಂತೆಗೂ ಏನು ವ್ಯತ್ಯಾಸ? ಹಲ್ಲು ಕಚ್ಚಿಕೊಂಡು ಇನ್ನೊಂದು ಪ್ರಶ್ನೆ ಕೇಳಿದೆ.

“ಮಗನ ಕಣ್ಣು ನೋಡೋಕೆ ಮುಂಚೆ, ಬಾಗಿಲಲ್ಲಿ, ಕೆಮ್ಮು ನಿಂತಿದೆ ಅಂತ ಗೊತ್ತಾದಾಗ ನಿಮಗೆ ಏನನ್ನಿಸ್ತು?”

ಚಿಟ್ ಎಂದು ಬಳೆಯೊಂದು ಅವಳ ಬೆರಳಲ್ಲಿ ಮುರಿಯಿತು.

“ನಂಗೇನನ್ನಿಸುತ್ತೆ” ಎಂದು ಎದ್ದು ನಿಂತಳು. “ಗಂಡ ಸತ್ತಿದ್ದ.”

“ನಿಂಗಾಜಮ್ಮ, ಸಂಜೆ ನೋಡ್ಬೇಡಿ. ಕೇಳಿ. ನೀವು ಬಂದಾಗ ಅವನು ಎಷ್ಟು ಹೊತ್ತಿಂದ ಅಲ್ಲಿದ್ದ ಅಂತ ಕೇಳಿ.”

“ಕೇಳಿದ್ರೆ ಹೇಳ್ಬಿಡ್ತಾನೆ” ಎಂದಳು ಅವಳು. ಆ ದನಿಯಲ್ಲಿದ್ದ ಹೆದರಿಕೆಯನ್ನು ತಿಳಿಯಲು ಕಣ್ಣು ಬೇಕಾಗಿರಲಿಲ್ಲ. “ನಾನು ಇಲ್ಲಿಗೆ ಬಂದಿದ್ದು ಅವನಿಗೆ ಗೊತ್ತಾಗ್ಬಾರ್ದು. ಆಣೆ ಹಾಕು.”

ಆಣೆ ಹಾಕಿದೆ. ಅವಳು ಹೋದ ಮೇಲೆ ಹಿತ್ತಿಲಲ್ಲಿ ಎರಡೂ ಕೈ ಕೊಡವುತ್ತ ಹಿಂದಕ್ಕೂ ಮುಂದಕ್ಕೂ ನಡೆದೆ. ಎದೆ ಬಿಗಿದಾಗ ನಾನು ಮಾಡುವುದು ಅದನ್ನೇ. ಅತ್ತೆ ಕಿಟಕಿಯಿಂದ ನೋಡಿ ಒಲೆಯ ಮುಂದೆ ಹೋಗಿ ಕೂತಳು. ಮಧ್ಯಾಹ್ನ ನಾನು ಉಣ್ಣಲಿಲ್ಲ.

ಸಂಜೆ ಕುಲುಮೆಯ ಅಂಗಳ ತುಂಬಿಹೋಗಿತ್ತು. ಹೆಂಗಸರ ಬಳೆಗಳ ಸದ್ದು, ಗಂಡಸರ ಕೆಮ್ಮು, ಯಾರದೋ ಕೂಸಿನ ರಂಪ, ಬೆಂಕಿಗೆ ಗಾಳಿಯೂದುವ ತಿದಿಯ ಉಸಿರು. ಒಂದೊಂದು ಸದ್ದೂ ಬೇರೆ ಬೇರೆಯಾಗಿ ನನ್ನ ಕಿವಿಗೆ ಚುಚ್ಚುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡು ಎಲ್ಲರ ಕಾಲುಗಳನ್ನು ನೋಡುತ್ತ ಮುಂದೆ ಹೋದೆ. ನಡುವೆ ಎರಡು ಮಣೆಗಳನ್ನು ಎದುರುಬದುರಾಗಿ ಹಾಕಿದ್ದರು. ಒಂದರ ಮೇಲೆ ಮಹಾಲಿಂಗ ಕಣ್ಣು ಮುಚ್ಚಿ ಕೂತಿದ್ದ. ನಿಂಗಾಜಮ್ಮನನ್ನು ಇಬ್ಬರು ತೋಳು ಹಿಡಿದು ಕರೆತಂದರು.

“ಮೊದಲ ನೋಟ ಹೆತ್ತವಳದ್ದು” ಎಂದು ಶಿವನಂಜಪ್ಪ ಕೂಗಿದ.

ನಾನು ಹೋಗಿ ತಾಯಿಯ ಮಣೆಯನ್ನು ಎಳೆದೆ. ನೆಲಕ್ಕೆ ಉಜ್ಜಿ ಕಿರ್ ಎಂದಿತು, ನನ್ನ ಹಲ್ಲೆಲ್ಲ ಜುಮ್ಮೆಂದವು. ಬಿಡದೆ ಎಳೆದು ಅದನ್ನು ಮಗನ ಮಣೆಯ ಪಕ್ಕಕ್ಕೆ ತಂದು, ಎರಡನ್ನೂ ಕುಲುಮೆಯ ಬೆಂಕಿಯ ಕಡೆಗೆ ತಿರುಗಿಸಿದೆ. ಜನ ಗದ್ದಲವೆಬ್ಬಿಸಿದರು.

“ಏಯ್ ನೆಲಗಣ್ಣಿ, ಏನಿದು?” ಶಿವನಂಜಪ್ಪನ ಚಪ್ಪಲಿಗಳು ನನ್ನ ಮುಂದೆ ಬಂದು ನಿಂತವು.

“ನೋಡೋ ಮುಂಚೆ ಅವರು ಒಂದು ಮಾತು ಕೇಳ್ಲಿ. ಒಂದೇ ಮಾತು. ಆಮೇಲೆ ನೀವು ಎಷ್ಟು ಬೇಕಾದ್ರೂ ನೋಡ್ಕೊಳ್ಳಿ.”

“ಮಾತಲ್ಲಿ ಸುಳ್ಳು ಹೇಳಬಹುದು. ಕಣ್ಣು ಸುಳ್ಳು ಹೇಳಲ್ಲ.”

“ಹೌದು” ಎಂದೆ. “ಆದರೆ ಇಬ್ಬರ ಕಣ್ಣು ಕೂಡಿದಾಗ ಹಾದದ್ದು ಯಾರದ್ದು ಅಂತ ಕಣ್ಣು ಹೇಳಲ್ಲ. ಅದನ್ನ ಕೇಳ್ಬೇಕು.”

ಇಷ್ಟು ಜನರ ಮುಂದೆ ಇಷ್ಟು ಉದ್ದ ಮಾತನ್ನು ನಾನು ಎಂದೂ ಆಡಿರಲಿಲ್ಲ. ಶಿವನಂಜಪ್ಪನ ಚಪ್ಪಲಿಗಳು ಅಲುಗಲಿಲ್ಲ. ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ನಿಂಗಾಜಮ್ಮ ಮಗನ ಪಕ್ಕ ಕೂತಳು. ಇಬ್ಬರ ಮುಂದೆಯೂ ಬೆಂಕಿ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಇದ್ದಳು. ಕೇಳಮ್ಮ, ಕೇಳು ಎಂದು ನಾನು ಒಳಗೊಳಗೇ ಬಡಬಡಿಸುತ್ತಿದ್ದೆ. ಅವಳು ಕೇಳದಿದ್ದರೆ ನಾನೇ ಎಲ್ಲವನ್ನೂ ಒದರಿಬಿಡುತ್ತೇನೇನೋ ಎಂದು ನನಗೆ ನನ್ನದೇ ಬಾಯಿಯ ಭಯ. ಹಿಂದಿನಿಂದ ಯಾರೋ, “ಸಾಕು, ನೋಡ್ರಪ್ಪ” ಎಂದರು. ಚಪ್ಪಲಿಗಳು ಒಂದು ಹೆಜ್ಜೆ ಮುಂದಕ್ಕೆ ಸರಿದವು.

“ಮಾಲಿಂಗ” ಎಂದಳು ತಾಯಿ, ಬೆಂಕಿಯನ್ನು ನೋಡುತ್ತ. “ನಾನು ಒಳಗೆ ಬಂದಾಗ ನೀನು ಎಷ್ಟು ಹೊತ್ತಿಂದ ಅಲ್ಲಿದ್ದೆ?”

ಅವನು ಕಣ್ಣು ತೆರೆದ. “ಯಾವ ಹೊತ್ತು? ಹಿತ್ತಿಲಿಂದ ಆಗ ತಾನೇ ಬಂದೆ. ನೀನೇ ಅಲ್ಲಿದ್ದೆಯಲ್ಲ?”

“ನಾನೆಲ್ಲಿದ್ದೆ? ಅಡುಗೆಮನೆಯಿಂದ ಬಂದು ನಿಂತೆ, ನೀನಿದ್ದೆ.”

“ದಿಂಬು?”

“ಕೆಮ್ಮುವಾಗ ಅವರೇ ಎಸೀತಿದ್ರಲ್ಲೋ, ದಿನಾ ಎತ್ತಿ ಇಡ್ತಿರಲಿಲ್ವಾ ನಾವು?”

ಮಹಾಲಿಂಗನ ಪಾದಗಳು ನೆಲವನ್ನು ಒತ್ತಿ ಹಿಡಿದಿದ್ದವು. “ಅವ್ವ, ನೀನು ಮಾಡಿದ್ದು ಅಂದ್ಕೊಂಡಿದ್ದೆ” ಎಂದ.

“ನಾನು ನೀನು ಅಂತ” ಎಂದಳು ಅವಳು. ನಂತರ, ಅಂಗಳಕ್ಕೆಲ್ಲ ಕೇಳುವ ಹಾಗೆ, ಒಂದೊಂದೇ ಮಾತು ಹೊರಗೆ ಹಾಕಿದಳು. “ಆ ಸಂತೋಷ ನಂದು ಕಣೋ. ಕೆಮ್ಮು ನಿಂತಾಗ ಮೊದಲು ಅನ್ನಿಸಿದ್ದು, ಇವತ್ತು ರಾತ್ರಿ ಮಲಗಬಹುದು ಅಂತ. ಅಷ್ಟೇ ಅನ್ನಿಸಿದ್ದು. ಆಮೇಲೆ ನಿನ್ನ ಕಣ್ಣು ಕಂಡೆ, ಅದು ನಿಂದು ಅಂತ ನಿನ್ನ ಮೇಲೆ ಹಾಕ್ಬಿಟ್ಟೆ.”

“ನಂದೂ ಇತ್ತವ್ವ” ಎಂದ ಮಗ. “ಅಪ್ಪನಿಗೆ ಇನ್ನು ಉಸಿರಿಗೆ ಒದ್ದಾಡೋದು ಬೇಡ ಅಂತ. ನಂಗೂ ಸಾಕಾಗಿತ್ತು.” ಅವನು ಮೊಣಕಾಲಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತ. ಅಪ್ಪ ಸತ್ತ ಮೇಲೆ ಅವನು ಅಪ್ಪನಿಗಾಗಿ ಅತ್ತದ್ದು ಅದೇ ಮೊದಲಂತೆ. ತಾಯಿ ಅವನ ಬೆನ್ನು ತಟ್ಟಿದಳು, ಕೆಮ್ಮುವವರಿಗೆ ತಟ್ಟುವ ಹಾಗೆ.

ಎಲ್ಲರೂ ಶಿವನಂಜಪ್ಪ ಏನೆನ್ನುತ್ತಾನೆ ಎಂದು ಕಾಯುತ್ತಿದ್ದರು. ಚಪ್ಪಲಿಗಳು ಹಿಂದಕ್ಕೆ ಸರಿದವು. ಅವನು ಕುಲುಮೆಯ ಕಟ್ಟೆಯ ಮೇಲೆ ಕುಸಿದು ಕೂತದ್ದು ಸದ್ದಿನಿಂದಲೇ ತಿಳಿಯಿತು.

“ಅವತ್ತು ಗೋದಾಮಲ್ಲಿ ನಾನು ದೀಪ ಆರಿಸಿದ್ನೋ ಇಲ್ವೋ ಅಂತ ನಂಗೆ ನೆನಪೇ ಇರಲಿಲ್ಲ” ಎಂದ, ಯಾರಿಗೂ ಅಲ್ಲದೆ. “ಆ ಅಳುಕಲ್ಲೇ ಗುರುಬಸುವಿನ ಕಣ್ಣು ನೋಡಿದ್ದೆ.”

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜನ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತ ಒಬ್ಬೊಬ್ಬರಾಗಿ ಅಂಗಳದಿಂದ ಹೊರಟರು. ಒಂದು ಸಂಜೆಯ ಮಟ್ಟಿಗೆ ಊರಿಗೆ ಊರೇ ನೆಲಗಣ್ಣಿಯಾಗಿತ್ತು. ನನಗೆ ಗೆದ್ದ ಖುಷಿಯಾಗಬೇಕಿತ್ತು, ಆಗಲಿಲ್ಲ. ಗುರುಬಸಪ್ಪ ತೋಳು ಹಿಡಿದವರಲ್ಲಿ ನಾನೂ ಒಬ್ಬಳು. ನಾನು ನೋಡಲಾರೆ ಎಂಬುದು ಆ ಸಂಕಟದಲ್ಲಿ ಅವನಿಗೆ ನೆನಪಾಗಲಿಲ್ಲ. ಏನಾಯ್ತು ಎಂದು ಕೇಳಬಹುದು ಎಂದು ಆ ವಯಸ್ಸಿನಲ್ಲಿ ನನಗೆ ಹೊಳೆದಿರಲಿಲ್ಲ.

ಕಿವಿಯ ಹತ್ತಿ ತೆಗೆದು ಮನೆಯ ದಾರಿ ಹಿಡಿದೆ. ತಲೆ ಸಿಡಿಯುತ್ತಿತ್ತು. ಓಣಿಯ ತಿರುವಿನಲ್ಲಿ ಹಿಂದಿನಿಂದ ಎರಡು ಜೊತೆ ಹೆಜ್ಜೆಗಳು ಬಂದು ನನ್ನ ಪಕ್ಕಕ್ಕೆ ಸೇರಿಕೊಂಡವು. ಹೆಂಗಸಿನ ಬರಿಗಾಲುಗಳು, ಅವುಗಳಾಚೆ ಗಂಡಸಿನವು. ಅವು ನನ್ನ ಎದುರಿಗೆ ಬಂದು ನಿಲ್ಲಲಿಲ್ಲ. ನನ್ನ ಜೊತೆಗೇ, ನಾನು ಹೋಗುತ್ತಿದ್ದ ಕಡೆಗೇ ನಡೆದವು. ಆಮೇಲೆ ನಿಂಗಾಜಮ್ಮ, ದಾರಿಯನ್ನೇ ನೋಡುತ್ತ, ಹೊಸದಾಗಿ ಕಲಿತ ಭಾಷೆಯಲ್ಲಿ ಮಾತಾಡುವವಳ ಹಾಗೆ ತಡವರಿಸಿ ಕೇಳಿದಳು.

“ಉಂಡ್ಯಾ?”

ನನ್ನ ಕಾಲು ನಿಂತುಹೋಯಿತು.

“ಇಲ್ಲ” ಎಂದೆ.